ಕ್ವಾಂಟ್ ಆಗಬೇಕೆನ್ನುವ ಮಗುವಿಗೆ ಯಾವ ಪದವಿ? ಉತ್ತರ ಕನ್ನಡದ ಪಾಲಕರಿಗೊಂದು ಹೋಲಿಕೆ

ದ್ವಿತೀಯ ಪಿಯು ಮುಗಿಯುವ ಹೊತ್ತಿಗೆ ಶಿರಸಿ, ಕುಮಟಾ, ಕಾರವಾರದ ಪಾಲಕರಿಂದ ಈಚೆಗೆ ಹೊಸದೊಂದು ಪ್ರಶ್ನೆ ಬರತೊಡಗಿದೆ. ‘ಮಗಳಿಗೆ ಗಣಿತವೆಂದರೆ ಜೀವ. ಕ್ವಾಂಟ್ ಫೈನಾನ್ಸ್‌ಗೆ, ಅಂದರೆ ಗಣಿತ ಬಳಸುವ ಹಣಕಾಸಿನ ಕೆಲಸಕ್ಕೆ, ಹೋಗುತ್ತೇನೆ ಎನ್ನುತ್ತಾಳೆ. ಐಐಟಿಗೆ ತಯಾರಿ ಮಾಡಿಸುವುದೋ, ಊರಲ್ಲೇ ಬಿಎಸ್ಸಿಗೆ ಸೇರಿಸುವುದೋ, ಬಿಕಾಂ ಮಾಡಿಸಿ ಹೂಡಿಕೆ ವಿಶ್ಲೇಷಕರ ಸಿಎಫ್‌ಎ ಪರೀಕ್ಷೆ ಬರೆಸುವುದೋ, ತೋಟದ ಮೇಲೆ ಸಾಲ ತೆಗೆದು ಹೊರದೇಶಕ್ಕೇ ಕಳಿಸುವುದೋ?’ ಪಿಯು ಮಕ್ಕಳಿಗೆ ಗಣಿತ ಕಲಿಸುವವನಾಗಿ ನಾನು ಇದಕ್ಕೆ ಕೊಡುವ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಪದವಿ ಗಣಿತ, ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ವಿಜ್ಞಾನದಲ್ಲಿರಲಿ, ಗಟ್ಟಿಯಾಗಿರಲಿ, ಮನೆಯ ಬೆನ್ನು ಮುರಿಯದಷ್ಟು ಖರ್ಚಿನಲ್ಲಿರಲಿ. ‘ಫೈನಾನ್ಸ್’ ಎಂಬ ಹೆಸರಿಗೆ ಹಣ ಸುರಿಯುವ ಅಗತ್ಯ ಬಂದರೆ ಅದನ್ನು ಎರಡನೆಯ ಪದವಿಗೆ ಇಟ್ಟುಕೊಳ್ಳಿ.

ಕೆಲಸ ಎಂಥದ್ದು

ಬ್ಯಾಂಕು, ವಿಮಾ ಕಂಪನಿ, ಹೂಡಿಕೆ ನಿಧಿ, ಸ್ವಂತ ಬಂಡವಾಳದಿಂದ ವಹಿವಾಟು ನಡೆಸುವ ಟ್ರೇಡಿಂಗ್ ಸಂಸ್ಥೆ, ಇಂಥ ಕಡೆ ಬೆಲೆಯನ್ನೂ ಅಪಾಯವನ್ನೂ ಗಣಿತದ ಮಾದರಿಗಳಿಂದ ಅಳೆಯುವವರು ಕ್ವಾಂಟ್‌ಗಳು. 1973ರಲ್ಲಿ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಆಪ್ಷನ್‌ಗಳಿಗೆ (ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿಗೆ) ಬೆಲೆ ಕಟ್ಟುವ ಸೂತ್ರವನ್ನು ಪ್ರಕಟಿಸಿದ ಮೇಲೆ ಈ ಉದ್ಯೋಗ ವೇಗವಾಗಿ ಬೆಳೆಯಿತು. ರೆನೈಸಾನ್ಸ್ ಟೆಕ್ನಾಲಜೀಸ್ ಕಟ್ಟಿದ ಜಿಮ್ ಸೈಮನ್ಸ್ ಅದಕ್ಕೆ ಮುಂಚೆ ಜ್ಯಾಮಿತಿಯ ಪ್ರಾಧ್ಯಾಪಕರಾಗಿದ್ದರು. ಒಳಗೆ ಇಳಿದು ನೋಡಿದರೆ ಕೆಲಸಗಳು ಬೇರೆ ಬೇರೆ. ಕ್ಷಣದಲ್ಲಿ ನಿರ್ಧಾರ ಮಾಡುವ ಟ್ರೇಡರ್, ದತ್ತಾಂಶದಲ್ಲಿ ಸುಳಿವು ಹುಡುಕುವ ಸಂಶೋಧಕ, ಅತಿ ವೇಗದ ತಂತ್ರಾಂಶ ಬರೆಯುವ ಡೆವಲಪರ್, ಬ್ಯಾಂಕಿನ ಸಾಲ ಮತ್ತು ಮಾರುಕಟ್ಟೆಯ ಅಪಾಯವನ್ನು ಲೆಕ್ಕ ಹಾಕುವ ಮಾದರಿಗಾರ. ಮೊದಲ ಮೂರರಲ್ಲಿ ಹುದ್ದೆಗಳು ಬಹಳ ಕಡಿಮೆ, ಸಂಬಳ ಬಹಳ ಹೆಚ್ಚು. ನಾಲ್ಕನೆಯದರಲ್ಲಿ ಅವಕಾಶ ಎಷ್ಟೋ ವಿಶಾಲ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲೇ ಬೆಂಗಳೂರಿಗೆ ಬಂತು. ಜೆಪಿ ಮಾರ್ಗನ್, ವೆಲ್ಸ್ ಫಾರ್ಗೊ ಮೊದಲಾದ ಬ್ಯಾಂಕುಗಳ ದೊಡ್ಡ ಕಚೇರಿಗಳೂ ಅಲ್ಲಿವೆ. ಮಗು ‘ಕ್ವಾಂಟ್’ ಎಂದಾಗ ಇವುಗಳಲ್ಲಿ ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡಿದೆ ಎಂದು ಕೇಳಿ ತಿಳಿಯಿರಿ.

ಮೊಬೈಲಿನಲ್ಲಿ ಆಪ್ಷನ್ ಕೊಂಡು ಮಾರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ ₹1.8 ಲಕ್ಷ ಕೋಟಿಗೂ ಹೆಚ್ಚು. ‘ಮೂರು ತಿಂಗಳಲ್ಲಿ ಕ್ವಾಂಟ್ ಟ್ರೇಡರ್’ ಎಂಬ ಜಾಹೀರಾತಿಗೆ ಸಾವಿರಗಟ್ಟಲೆ ಶುಲ್ಕ ಕಟ್ಟುವ ಮುನ್ನ ಈ ಅಂಕಿಯನ್ನು ಮಗನಿಗೂ ತೋರಿಸಿ.

ಮಗುವಿಗೆ ಈ ದಿಕ್ಕು ಒಗ್ಗುತ್ತದೆಯೇ ಎಂದು ತಿಳಿಯಲು ಮನೆಯಲ್ಲೇ ಒಂದು ಪ್ರಶ್ನೆ ಕೇಳಿ ನೋಡಬಹುದು. ಒಂದು ದಾಳ ಉರುಳಿಸಬೇಕು, ಬಿದ್ದಷ್ಟು ರೂಪಾಯಿ ಅವರಿಗೆ. ಬಿದ್ದದ್ದು ಸಾಲದು ಎನಿಸಿದರೆ ಇನ್ನೊಮ್ಮೆ ಉರುಳಿಸಬಹುದು, ಆದರೆ ಆಗ ಎರಡನೆಯ ಸಲ ಬಿದ್ದದ್ದನ್ನೇ ಒಪ್ಪಿಕೊಳ್ಳಬೇಕು. ಈ ಆಟಕ್ಕೆ ಎಷ್ಟು ಪ್ರವೇಶ ಶುಲ್ಕ ಇಟ್ಟರೆ ಇಬ್ಬರಿಗೂ ನ್ಯಾಯ? ದಾಳದ ಸರಾಸರಿ 3.5. ಹಾಗಾಗಿ ಮೊದಲ ಸಲ 4, 5 ಅಥವಾ 6 ಬಿದ್ದರೆ ನಿಲ್ಲಬೇಕು, 1, 2, 3 ಬಿದ್ದರೆ ಮತ್ತೆ ಉರುಳಿಸಬೇಕು. ಅರ್ಧ ಸಂಭವನೀಯತೆಯಲ್ಲಿ ಸರಾಸರಿ 5, ಇನ್ನರ್ಧದಲ್ಲಿ 3.5, ಕೂಡಿದರೆ ಆಟದ ಬೆಲೆ ₹4.25. ಉತ್ತರ ಬಂತೋ ಇಲ್ಲವೋ ಎನ್ನುವುದಕ್ಕಿಂತ, ಆಮೇಲೆ ಮಗು ಏನು ಕೇಳುತ್ತದೆ ಎಂದು ಗಮನಿಸಿ. ‘ಮೂರು ಸಲ ಉರುಳಿಸಬಹುದಾದರೆ?’ ಎಂದು ತಾನಾಗಿಯೇ ಕೇಳಿ ಕಾಗದ ಹುಡುಕಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿತು. ಆಗ ಮೊದಲ ಸಲ 4 ಬಿದ್ದರೂ ನಿಲ್ಲಬಾರದು, ಏಕೆಂದರೆ ಉಳಿದ ಎರಡು ಅವಕಾಶಗಳ ಬೆಲೆಯೇ 4.25. ಲೆಕ್ಕ ಮಾಡಿದರೆ ಸುಮಾರು ₹4.67 ಬರುತ್ತದೆ. ಚಾಲಿ ಅಡಿಕೆಯನ್ನು ಇವತ್ತಿನ ಟೆಂಡರಿಗೆ ಬಿಡುವುದೋ, ಇನ್ನೊಂದು ತಿಂಗಳು ಅಟ್ಟದಲ್ಲಿ ಕಾಯಿಸುವುದೋ ಎಂದು ಶಿರಸಿಯ ತೋಟಿಗರು ಮನಸ್ಸಿನಲ್ಲೇ ಮಾಡುವ ಲೆಕ್ಕವೂ ಇದೇ ಜಾತಿಯದು: ಕಾಯುವ ಹಕ್ಕಿಗೂ ಒಂದು ಬೆಲೆಯಿದೆ. ಆ ಬೆಲೆಯನ್ನು ಸಂಖ್ಯೆಯಲ್ಲಿ ಹಿಡಿಯುವುದೇ ಆಪ್ಷನ್ ಗಣಿತ.

ಅಳೆಯುವುದು ಯಾವುದರಿಂದ

ಪ್ರತಿ ಆಯ್ಕೆಯ ಮುಂದೆಯೂ ನಾನು ಈ ಪ್ರಶ್ನೆಗಳನ್ನು ಇಡುತ್ತೇನೆ. ಸಂಭವನೀಯತೆ, ರೇಖೀಯ ಬೀಜಗಣಿತ, ಗಣಿತೀಯ ವಿಶ್ಲೇಷಣೆ (ಅನಾಲಿಸಿಸ್) ಇವನ್ನು ಸಾಧನೆ ಸಹಿತ, ಅಂದರೆ ‘ಯಾಕೆ’ ಎಂಬುದಕ್ಕೆ ಉತ್ತರ ಬರೆಯಿಸಿ ಕಲಿಸುತ್ತಾರೆಯೇ? ಪ್ರೋಗ್ರಾಮಿಂಗ್ ಕೈಗೆ ಹತ್ತುತ್ತದೆಯೇ? ಈ ಕ್ಷೇತ್ರದ ಸಂಸ್ಥೆಗಳು ಆ ಕ್ಯಾಂಪಸ್ಸಿಗೆ ಬರುತ್ತವೆಯೇ? ಶುಲ್ಕ, ಹಾಸ್ಟೆಲ್ಲು, ಓಡಾಟ ಎಲ್ಲ ಸೇರಿ ಎಷ್ಟಾಗುತ್ತದೆ? ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಇಪ್ಪತ್ತೊಂದನೆಯ ವಯಸ್ಸಿಗೆ ಮಗುವಿನ ಮನಸ್ಸು ಬದಲಾದರೆ ಅಥವಾ ಕ್ವಾಂಟ್ ಕೆಲಸ ಸಿಗದಿದ್ದರೆ ಆ ಪದವಿಯಿಂದ ಇನ್ನೇನು ಮಾಡಬಹುದು? ಹದಿನೇಳರ ಹರೆಯದ ಆಸೆಯನ್ನು ಗೌರವಿಸಬೇಕು, ಆದರೆ ಅದೊಂದರ ಮೇಲೆಯೇ ಮನೆ ಕಟ್ಟಬಾರದು.

ಪಿಯು ಹಂತದಲ್ಲೇ ತೆರೆಯುವ, ಮುಚ್ಚುವ ಬಾಗಿಲುಗಳು

ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವಿಗೆ ವಿಜ್ಞಾನ ವಿಭಾಗ, ಭೌತಶಾಸ್ತ್ರ–ರಸಾಯನಶಾಸ್ತ್ರ–ಗಣಿತದ ಜೊತೆಗೆ ಕಂಪ್ಯೂಟರ್ ವಿಜ್ಞಾನ ಅಥವಾ ಸಂಖ್ಯಾಶಾಸ್ತ್ರ ಕೊಡಿಸಿ. ನಮ್ಮಲ್ಲಿ ಜೀವಶಾಸ್ತ್ರವಿಲ್ಲದ ವಿಜ್ಞಾನವನ್ನು ಅರೆಬರೆ ಎಂದು ಕಾಣುವ ರೂಢಿ ಇನ್ನೂ ಇದೆ. ಈ ದಾರಿಗೆ ಜೀವಶಾಸ್ತ್ರ ಬೇಕಿಲ್ಲ. ವಾಣಿಜ್ಯ ವಿಭಾಗದ ‘ಬೇಸಿಕ್ ಮ್ಯಾಥ್ಸ್’ ವಿಜ್ಞಾನ ವಿಭಾಗದ ಗಣಿತಕ್ಕೆ ಸಮವಲ್ಲ, ಅದನ್ನು ನಂಬಿ ಈ ದಾರಿಗೆ ಹೊರಡಬೇಡಿ.

ಕಾರವಾರ, ಸದಾಶಿವಗಡ, ಮಾಜಾಳಿಯವರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಹತ್ತಿರವೆಂದು ಹನ್ನೆರಡನೆಯ ತರಗತಿಗೆ ಗಡಿ ದಾಟಿ ಗೋವಾಕ್ಕೆ ಮಕ್ಕಳನ್ನು ಕಳಿಸುವವರಿದ್ದಾರೆ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ತವರು ರಾಜ್ಯದವರಿಗೆ ಮೀಸಲು, ಮತ್ತು ಹನ್ನೆರಡನೆಯ ತರಗತಿ ಎಲ್ಲಿ ಪಾಸಾಯಿತೋ ಅದೇ ತವರು ರಾಜ್ಯ. ಗೋವಾದಲ್ಲಿ ಹನ್ನೆರಡನೆಯದು ಮುಗಿಸಿದ ಕಾರವಾರದ ಹುಡುಗನಿಗೆ ಸುರತ್ಕಲ್ಲಿನ ಎನ್‌ಐಟಿಯಲ್ಲಿ ಕರ್ನಾಟಕದ ಪಾಲು ಸಿಗುವುದಿಲ್ಲ, ಗೋವಾ ಎನ್‌ಐಟಿಯಲ್ಲಿ ಅಲ್ಲಿನ ಪಾಲು ಸಿಗುತ್ತದೆ. ಇದರಲ್ಲಿ ಲಾಭವೂ ಇರಬಹುದು, ನಷ್ಟವೂ ಇರಬಹುದು, ತಿಳಿದು ಆರಿಸಿಕೊಳ್ಳಿ. ಸಿಇಟಿಗೂ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ನಿಯಮವಿದೆ. ಒಂದರಿಂದ ಹತ್ತನೆಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಅಲ್ಲಿದೆ. ಇದು ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳಿಗೆ ನೇರವಾಗಿ ದಕ್ಕುವ ಲಾಭ.

ಪ್ರಮಾಣಪತ್ರದ ವಿಷಯದಲ್ಲೂ ಎಡವಬೇಡಿ. ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ಸಿಇಟಿಗೆ ನಡೆಯುತ್ತದೆ. ಐಐಟಿ, ಎನ್‌ಐಟಿಗಳಿಗೆ ಕೇಂದ್ರದ ಒಬಿಸಿ ಪಟ್ಟಿಯ ಪ್ರಕಾರ, ಕೇಂದ್ರದ ನಮೂನೆಯಲ್ಲಿ, ಪ್ರವೇಶದ ವರ್ಷದ ಏಪ್ರಿಲ್ 1ರ ನಂತರ ಪಡೆದ ಪ್ರಮಾಣಪತ್ರವೇ ಬೇಕು. ಮೀಸಲಾತಿಯಿಲ್ಲದ ವರ್ಗದವರು ವರ್ಷದ ಆದಾಯ ₹8 ಲಕ್ಷದೊಳಗಿದ್ದು ಕೃಷಿ ಜಮೀನು 5 ಎಕರೆಗಿಂತ ಕಡಿಮೆಯಿದ್ದರೆ ಆರ್ಥಿಕವಾಗಿ ಹಿಂದುಳಿದವರ ಪ್ರಮಾಣಪತ್ರ ಪಡೆಯಬಹುದು. ಮನೆ, ನಿವೇಶನದ ಅಳತೆಗೂ ಮಿತಿಯಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಣ್ಣ ಹಿಡುವಳಿಯ ಮನೆಗಳಿಗೆ ಇದು ದೊಡ್ಡ ಸಹಾಯ. ಪಹಣಿ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಮಗು ಹನ್ನೊಂದನೆಯ ತರಗತಿಯಲ್ಲಿರುವಾಗಲೇ ನಾಡಕಚೇರಿಗೆ ಹೋಗಿ ವಿಚಾರಿಸಿ. ಕೌನ್ಸೆಲಿಂಗ್ ಹೊತ್ತಿಗೆ ಓಡಾಡಿದರೆ ಕಾಗದ ಕೈಗೆ ಬರುವಷ್ಟರಲ್ಲಿ ಸೀಟು ಕೈತಪ್ಪಿರುತ್ತದೆ.

ಐಐಟಿ ಮತ್ತು ಐಐಎಸ್ಸಿ

ನೇಮಕಾತಿಯ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ದೊಡ್ಡ ಟ್ರೇಡಿಂಗ್ ಸಂಸ್ಥೆಗಳು ಮೊದಲು ಹೋಗುವುದೇ ಹಳೆಯ ಐಐಟಿಗಳ ಕ್ಯಾಂಪಸ್ಸಿಗೆ. ಶಾಖೆಗಳಲ್ಲಿ ಕಂಪ್ಯೂಟರ್ ವಿಜ್ಞಾನ, ಅದು ಸಿಗದಿದ್ದರೆ ‘ಮ್ಯಾಥಮೆಟಿಕ್ಸ್ ಆ್ಯಂಡ್ ಕಂಪ್ಯೂಟಿಂಗ್’. ಬೆಂಗಳೂರಿನ ಐಐಎಸ್ಸಿ 2022ರಲ್ಲಿ ಇದೇ ಹೆಸರಿನ ಬಿ.ಟೆಕ್ ಆರಂಭಿಸಿತು. ಅದಕ್ಕೆ ಐಐಟಿ ಪ್ರವೇಶಕ್ಕೆ ನಡೆಯುವ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯ ಶ್ರೇಯಾಂಕ ಬೇಕು, ಅರ್ಜಿಯನ್ನು ಐಐಎಸ್ಸಿಗೇ ಪ್ರತ್ಯೇಕವಾಗಿ ಹಾಕಬೇಕು. ಈ ಅರ್ಜಿ ಮರೆತು ಅವಕಾಶ ಕಳೆದುಕೊಳ್ಳುವವರಿದ್ದಾರೆ.

ನಮ್ಮ ಜಿಲ್ಲೆಯ ಎರಡೂ ಬದಿಗೆ 2016ರಲ್ಲಿ ಒಂದೊಂದು ಹೊಸ ಐಐಟಿ ಬಂದಿದೆ. ಘಟ್ಟದ ಮೇಲಿನವರಿಗೆ ಧಾರವಾಡ, ಕಾರವಾರದವರಿಗೆ ಗೋವಾದ ಫರ್ಮಾಗುಡಿ. ಎರಡರಲ್ಲೂ ಗಣಿತ–ಕಂಪ್ಯೂಟಿಂಗ್ ಶಾಖೆಯಿದೆ. ಹೊಸ ಐಐಟಿಯ ಗಣಿತ ಶಾಖೆಯೋ, ಹಳೆಯ ಐಐಟಿಯಲ್ಲಿ ಲೋಹಶಾಸ್ತ್ರದಂಥ ಶಾಖೆಯೋ ಎಂಬ ಪ್ರಶ್ನೆ ಎದುರಾದರೆ, ಗಣಿತದ ಹಸಿವಿರುವ ಮಗುವಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಕೇವಲ ಕ್ಯಾಂಪಸ್ ನೇಮಕಾತಿಯೇ ಗುರಿಯಾಗಿದ್ದು, ಶಾಖೆಯ ಪಾಠದ ಹೊರಗೆ ತಾನೇ ಕುಳಿತು ಗಣಿತ, ಕೋಡಿಂಗ್ ಕಲಿಯುವ ಹಟವಿರುವ ಮಗುವಾದರೆ ಎರಡನೆಯದರಲ್ಲೂ ಅರ್ಥವಿದೆ.

ಖರ್ಚಿನ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಬಿ.ಟೆಕ್ ಬೋಧನಾ ಶುಲ್ಕ ಐಐಟಿಯಲ್ಲಿ ವರ್ಷಕ್ಕೆ ₹2 ಲಕ್ಷ, ಎನ್‌ಐಟಿಯಲ್ಲಿ ₹1.25 ಲಕ್ಷ. ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲ ವಿದ್ಯಾರ್ಥಿಗಳಿಗೆ ಅದು ಪೂರ್ತಿ ಮಾಫಿ. ಯಾವ ವರ್ಗದವರೇ ಆಗಲಿ, ಕುಟುಂಬದ ಆದಾಯ ₹1 ಲಕ್ಷಕ್ಕಿಂತ ಕಡಿಮೆಯಿದ್ದರೆ ಪೂರ್ತಿ ಮಾಫಿ, ₹1ರಿಂದ ₹5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ನಿಜವಾದ ಖರ್ಚು ಇರುವುದು ಅದಕ್ಕೂ ಮುಂಚೆ. ಮಂಗಳೂರು, ಮೂಡುಬಿದಿರೆ, ಧಾರವಾಡದ ವಸತಿ ಪಿಯು ಕಾಲೇಜಿಗೆ ಜೆಇಇ ತರಬೇತಿಯೂ ಸೇರಿ ಎರಡು ವರ್ಷಕ್ಕೆ ಹಲವು ಲಕ್ಷ ಕಟ್ಟುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಆ ಹಣದಲ್ಲಿ ಒಂದು ಪೂರ್ತಿ ಪದವಿ ಮುಗಿಯುತ್ತದೆ ಎಂಬುದು ಲೆಕ್ಕದಲ್ಲಿರಲಿ. ಹತ್ತನೆಯ ತರಗತಿಯಲ್ಲಿ ಪಠ್ಯಪುಸ್ತಕದ ಹೊರಗಿನ ಲೆಕ್ಕ ಬಿಡಿಸುವ ಖುಷಿ ಕಾಣದ ಮಗುವನ್ನು ಬರೀ ಕ್ವಾಂಟ್ ಆಸೆಯಿಂದ ಆ ಒತ್ತಡಕ್ಕೆ ದೂಡುವುದನ್ನು ನಾನು ಒಪ್ಪುವುದಿಲ್ಲ.

ಐಎಸ್‌ಐ ಮತ್ತು ಸಿಎಂಐ

ಈ ಆಯ್ಕೆಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ನನಗೋ ಇದರ ಮೇಲೆಯೇ ಹೆಚ್ಚು ಒಲವು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು (ಐಎಸ್‌ಐ) 1931ರಲ್ಲಿ ಕೋಲ್ಕತ್ತದಲ್ಲಿ ಪಿ.ಸಿ. ಮಹಲನೋಬಿಸ್ ಸ್ಥಾಪಿಸಿದರು. ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಬೆಳೆದದ್ದು ಆ ಸಂಸ್ಥೆಯಲ್ಲಿ. ಗಣಿತದ ದೊಡ್ಡ ಗೌರವವಾದ ಏಬೆಲ್ ಪ್ರಶಸ್ತಿಯನ್ನು 2007ರಲ್ಲಿ ಪಡೆದ ಎಸ್.ಆರ್.ಎಸ್. ವರದನ್ ಸಂಭವನೀಯತೆಯಲ್ಲಿ ಡಾಕ್ಟರೇಟ್ ಮಾಡಿದ್ದೂ ಅಲ್ಲೇ. ಕ್ವಾಂಟ್ ಸಂಶೋಧಕರು ದಿನವೂ ಬಳಸುವ ಗಣಿತದ ತವರುಗಳಲ್ಲಿ ಅದೂ ಒಂದು.

ಬಿ.ಮ್ಯಾಥ್ ಪದವಿ ಬೆಂಗಳೂರಿನ ಮೈಸೂರು ರಸ್ತೆಯ ಕೇಂದ್ರದಲ್ಲಿದೆ, ಬಿ.ಸ್ಟ್ಯಾಟ್ ಕೋಲ್ಕತ್ತದಲ್ಲಿ. ಕಾರವಾರದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಅರ್ಹತೆಗೆ ಹನ್ನೆರಡನೆಯದರಲ್ಲಿ ಗಣಿತ ಮತ್ತು ಇಂಗ್ಲಿಷ್ ಸಾಕು, ಪ್ರವೇಶ ಪರೀಕ್ಷೆಯಲ್ಲಿ ಭೌತಶಾಸ್ತ್ರವಾಗಲಿ ರಸಾಯನಶಾಸ್ತ್ರವಾಗಲಿ ಇಲ್ಲ. ಒಂದು ಪತ್ರಿಕೆ ಬಹು ಆಯ್ಕೆಯದು, ಇನ್ನೊಂದರಲ್ಲಿ ಪೂರ್ತಿ ಸಾಧನೆ ಬರೆಯಬೇಕು. ಈವರೆಗಿನ ಪದ್ಧತಿಯಲ್ಲಿ ಬೋಧನಾ ಶುಲ್ಕವಿಲ್ಲ. ಚೆನ್ನಾಗಿ ಓದುವ ವಿದ್ಯಾರ್ಥಿಗೆ ಸಂಸ್ಥೆಯೇ ತಿಂಗಳಿಗೆ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ನಿಯಮಗಳನ್ನು ಆಯಾ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ಓದಿ ಖಚಿತಪಡಿಸಿಕೊಳ್ಳಿ. ಚೆನ್ನೈ ಹೊರವಲಯದ ಸಿರುಸೇರಿಯಲ್ಲಿರುವ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ (ಸಿಎಂಐ) ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಎರಡನ್ನೂ ಒಟ್ಟಿಗೆ ಕಲಿಸುವ ಬಿಎಸ್ಸಿ ಆನರ್ಸ್ ನಡೆಸುತ್ತದೆ. ಅಲ್ಲಿ ಶುಲ್ಕವಿದೆ, ರಿಯಾಯಿತಿಯೂ ಇದೆ. ಪ್ರೋಗ್ರಾಮಿಂಗ್ ಕಡೆ ಒಲವಿರುವವರಿಗೆ ಬಿ.ಮ್ಯಾಥ್‌ಗಿಂತ ಸಿಎಂಐ ಒಗ್ಗಬಹುದು.

ಕಷ್ಟ ಎಲ್ಲಿದೆ? ಸೀಟು ಕಡಿಮೆ. ಮೊದಲ ವರ್ಷದ ಗಣಿತ ಅಮೂರ್ತ; ಪಿಯುವಿನಲ್ಲಿ ನೂರಕ್ಕೆ ನೂರು ತೆಗೆದವರೂ ಮೊದಲ ಸೆಮಿಸ್ಟರಿನಲ್ಲಿ ಕಂಗಾಲಾಗುತ್ತಾರೆ. ತೇರ್ಗಡೆಯ ನಿಯಮ ಬಿಗಿ. ಕೋಡಿಂಗನ್ನು ಬಿ.ಮ್ಯಾಥ್‌ನವರು ಬಹುಮಟ್ಟಿಗೆ ಸ್ವಂತವಾಗಿ ಗಟ್ಟಿ ಮಾಡಿಕೊಳ್ಳಬೇಕು. ಆದರೆ ಕೆಲಸ ಸಿಗದ ಭಯವಿದ್ದವರಿಗೆ ಒಂದು ಮಾತು: ಇಲ್ಲಿಂದ ಎಂ.ಸ್ಟ್ಯಾಟ್, ಎಂ.ಮ್ಯಾಥ್, ದತ್ತಾಂಶ ವಿಜ್ಞಾನ, ಸಂಶೋಧನೆ, ವಿಮಾ ಗಣಿತ ಎಲ್ಲದಕ್ಕೂ ದಾರಿಯಿದೆ, ಎಲ್ಲ ಕಡೆ ಈ ಪದವಿಗೆ ಮರ್ಯಾದೆಯಿದೆ.

ಪರೀಕ್ಷೆಗೆ ಕೋಚಿಂಗ್ ಅನಿವಾರ್ಯವಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ಎರಡೂ ಸಂಸ್ಥೆಗಳ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಎಂಟು–ಒಂಬತ್ತನೆಯ ತರಗತಿಯಿಂದಲೇ ಐಒಕ್ಯೂಎಂ ಗಣಿತ ಒಲಿಂಪಿಯಾಡ್ ಬರೆಯಿಸಿ. ಆಯ್ಕೆಯಾಗದಿದ್ದರೂ ಪಠ್ಯಪುಸ್ತಕದ ಹೊರಗಿನ ಲೆಕ್ಕ ಬಿಡಿಸುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ನೆಪವಿಲ್ಲ.

ಸುರತ್ಕಲ್, ಸಿಇಟಿ ಕಾಲೇಜು, ಬಿಟ್ಸ್ ಗೋವಾ

ನಮ್ಮ ಕರಾವಳಿಯ ಮಟ್ಟಿಗೆ ಸುರತ್ಕಲ್ಲಿನ ಎನ್‌ಐಟಿ (ಎನ್‌ಐಟಿಕೆ) ಅತ್ಯಂತ ಸಮತೂಕದ ಆಯ್ಕೆ. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು (ಕೆಆರ್‌ಇಸಿ) ಎಂದು ಆರಂಭವಾದ ಸಂಸ್ಥೆ, ಕೊಂಕಣ ರೈಲಿನ ದಾರಿಯಲ್ಲೇ ಸುರತ್ಕಲ್ ನಿಲ್ದಾಣ, ತವರು ರಾಜ್ಯದ ಪಾಲು, ಮೇಲೆ ಹೇಳಿದ ಶುಲ್ಕ ಮಾಫಿ. ಕಂಪ್ಯೂಟರ್ ವಿಜ್ಞಾನ ಸಿಗದಿದ್ದರೆ ಅಲ್ಲಿನ ಗಣಿತ ವಿಭಾಗ ನಡೆಸುವ ‘ಕಂಪ್ಯುಟೇಶನಲ್ ಆ್ಯಂಡ್ ಡೇಟಾ ಸೈನ್ಸ್’ ಬಿ.ಟೆಕ್ ನೋಡಿ. ಸಂಶೋಧಕರ ಹುದ್ದೆಗಿಂತ ಡೆವಲಪರ್ ಹುದ್ದೆಗೆ ಇದು ಹತ್ತಿರದ ದಾರಿ.

ಸಿಇಟಿ ಮೂಲಕ ಬೆಂಗಳೂರಿನ ಆರ್‌ವಿ, ಯುವಿಸಿಇ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಂಥ ಕಡೆ ಕಂಪ್ಯೂಟರ್ ವಿಜ್ಞಾನ ಸಿಕ್ಕರೆ ಒಳ್ಳೆಯದೇ. ಸಾಮಾನ್ಯ ಸಾಫ್ಟ್‌ವೇರ್ ಉದ್ಯೋಗ ಕೈಯಲ್ಲಿರುತ್ತದೆ. ಕೊರತೆಯೆಂದರೆ ಎಂಜಿನಿಯರಿಂಗ್ ಗಣಿತ ಸೂತ್ರ ಬಳಸುವುದನ್ನು ಕಲಿಸುತ್ತದೆ, ಸೂತ್ರ ಹುಟ್ಟುವುದನ್ನು ಕಲಿಸುವುದಿಲ್ಲ. ಐಐಟಿಗಳು ಅಂತರಜಾಲದಲ್ಲಿ ನಡೆಸುವ ಎನ್‌ಪಿಟಿಇಎಲ್‌ನ ಉಚಿತ ಪಾಠಗಳಿಂದ ಸಂಭವನೀಯತೆ ಮತ್ತು ವಿಶ್ಲೇಷಣೆಯನ್ನು ತುಂಬಿಕೊಳ್ಳಬೇಕಾಗುತ್ತದೆ. ಸಿಇಟಿ ಸೀಟಿಗೆ ವರ್ಷಕ್ಕೆ ಲಕ್ಷದ ಆಸುಪಾಸು ಕಟ್ಟುವುದು ಸರಿ. ಅದೇ ಸೀಟಿಗೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಹತ್ತಾರು ಲಕ್ಷ ಸುರಿಯುವುದು ಈ ಗುರಿಗಂತೂ ಬೇಡ. ಕ್ವಾಂಟ್ ಸಂಸ್ಥೆಯ ಸಂದರ್ಶನದಲ್ಲಿ ಬೆಲೆ ಬರುವುದು ಬಿಡಿಸಿದ ಲೆಕ್ಕಕ್ಕೆ, ಕೊಂಡ ಸೀಟಿಗಲ್ಲ.

ಕಾರವಾರದಿಂದ ರೈಲಿನಲ್ಲಿ ಹೋಗಿ ಬರಬಹುದಾದ ಝುವಾರಿನಗರದ ಬಿಟ್ಸ್ ಪಿಲಾನಿ ಕ್ಯಾಂಪಸ್ ಗುಣಮಟ್ಟದಲ್ಲಿ ಚೆನ್ನಾಗಿದೆ. ಎಂಎಸ್ಸಿ ಗಣಿತ ಅಥವಾ ಅರ್ಥಶಾಸ್ತ್ರಕ್ಕೆ ಸೇರಿ, ಮೊದಲ ವರ್ಷದ ಅಂಕದ ಮೇಲೆ ಎಂಜಿನಿಯರಿಂಗನ್ನೂ ಪಡೆದು ಐದು ವರ್ಷದಲ್ಲಿ ಎರಡು ಪದವಿ ಮುಗಿಸುವ ವ್ಯವಸ್ಥೆ ಕ್ವಾಂಟ್ ಆಸಕ್ತರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಮೀಸಲಾತಿಯಿಲ್ಲ, ರಾಜ್ಯದ ಪಾಲಿಲ್ಲ, ನಾಲ್ಕು ವರ್ಷಕ್ಕೇ ₹20 ಲಕ್ಷ ದಾಟುತ್ತದೆ. ಅರ್ಹತೆ ಮತ್ತು ಅಗತ್ಯ ನೋಡಿ ಕೊಡುವ ರಿಯಾಯಿತಿಯಿದ್ದರೂ ಅದನ್ನೇ ನಂಬಿ ಸೇರಿಸಬೇಡಿ.

ಊರಿನ ಬಿಎಸ್ಸಿ

ಇದನ್ನು ‘ಬೇರೇನೂ ಸಿಗದವರ ದಾರಿ’ ಎನ್ನುವವರೊಂದಿಗೆ ನನಗೆ ಜಗಳವಿದೆ. ಶಿರಸಿಯ ಎಂ.ಎಂ. ಕಾಲೇಜು, ಕುಮಟಾದ ಬಾಳಿಗಾ ಕಾಲೇಜು, ಹೊನ್ನಾವರದ ಎಸ್‌ಡಿಎಂ, ಕಾರವಾರದ ಸರ್ಕಾರಿ ಕಾಲೇಜು, ಸ್ವಲ್ಪ ದೂರವಾದರೂ ಸರಿ ಎನ್ನುವವರಿಗೆ 1917ರಷ್ಟು ಹಳೆಯ ಧಾರವಾಡದ ಕರ್ನಾಟಕ ಕಾಲೇಜು. ಈ ಸುತ್ತಿನಲ್ಲಿ ಎಲ್ಲಿ ಗಣಿತದ ಜೊತೆ ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ವಿಜ್ಞಾನ ಸಿಗುತ್ತದೋ ನೋಡಿ ಸೇರಿಸಿ. ಕರ್ನಾಟಕದಲ್ಲಿ 2024ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಶುಲ್ಕ ಕೆಲವೇ ಸಾವಿರ, ಮಗು ಮನೆಯಲ್ಲೇ ಇರಬಹುದು.

ಆದರೆ ಈ ದಾರಿಯ ಗುರಿ ಬಿಎಸ್ಸಿ ಆಗಿರಬಾರದು. ಮೊದಲ ಸೆಮಿಸ್ಟರಿನ ದಿನದಿಂದಲೇ ಐಐಟಿಗಳ ಎಂಎಸ್ಸಿಗೆ ನಡೆಯುವ ಜ್ಯಾಮ್ ಪರೀಕ್ಷೆ ಮತ್ತು ಐಎಸ್‌ಐಯ ಎಂ.ಸ್ಟ್ಯಾಟ್ ಪ್ರವೇಶ ಪರೀಕ್ಷೆ ಕಣ್ಣ ಮುಂದಿರಬೇಕು. ಜ್ಯಾಮ್‌ನಲ್ಲಿ ಗಣಿತ, ಗಣಿತೀಯ ಸಂಖ್ಯಾಶಾಸ್ತ್ರ ಎಂದು ಎರಡು ಪತ್ರಿಕೆಗಳಿವೆ. ಜೊತೆಗೆ 2020ರಲ್ಲಿ ಆರಂಭವಾದ ಐಐಟಿ ಮದ್ರಾಸಿನ ದತ್ತಾಂಶ ವಿಜ್ಞಾನದ ಆನ್‌ಲೈನ್ ಪದವಿಯನ್ನು ಸೇರಿಸಿಕೊಳ್ಳಬಹುದು. ಅದಕ್ಕೆ ಜೆಇಇ ಬೇಡ, ಅರ್ಹತಾ ಹಂತ ದಾಟಿದರೆ ಸಾಕು. ಪಾಠ ಮನೆಯಲ್ಲಿ, ಮುಖ್ಯ ಪರೀಕ್ಷೆ ಕೇಂದ್ರದಲ್ಲಿ. ಒಂದೇ ಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರಲ್ಲಿ ಅನುಮತಿ ಕೊಟ್ಟಿದೆ. ಎರಡನ್ನೂ ಹೊರುವುದು ಸುಲಭವಲ್ಲ. ಮೂರು ವರ್ಷ ತಾನಾಗಿಯೇ ಬೆಳಗ್ಗೆ ಎದ್ದು ಕೂರುವ ಶಿಸ್ತಿಲ್ಲದ ಮಗುವಿಗೆ ಈ ದಾರಿ ಜಾರುತ್ತದೆ, ಏಕೆಂದರೆ ಸುತ್ತಲಿನ ಗೆಳೆಯರು ಅದೇ ಗುರಿಯವರಾಗಿರುವುದಿಲ್ಲ. ಕ್ಯಾಂಪಸ್ಸಿಗೆ ಕ್ವಾಂಟ್ ಸಂಸ್ಥೆಗಳೂ ಬರುವುದಿಲ್ಲ. ಬಾಗಿಲು ತೆರೆಯುವುದು ಸ್ನಾತಕೋತ್ತರದಲ್ಲಿ, ಸ್ವಲ್ಪ ತಡವಾಗಿ.

ಸಂಶೋಧಕರ ಹುದ್ದೆಯ ಕನಸಿದ್ದವರಿಗೆ ಪಿಎಚ್‌ಡಿಯೂ ಇದೆ. ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕವರಿಗೆ 2023ರಿಂದ ತಿಂಗಳಿಗೆ ₹37,000 ಬರುತ್ತದೆ. ದೀರ್ಘ ದಾರಿ, ಆದರೆ ಮನೆಯಿಂದ ಹಣ ಬೇಡದ ದಾರಿ.

ವಾಣಿಜ್ಯ ಮತ್ತು ವಿಮಾ ಗಣಿತ

ಬಿಕಾಂ ಜೊತೆ ಸಿಎಫ್‌ಎ ಅಥವಾ ಅಪಾಯ ನಿರ್ವಹಣೆಯ ಎಫ್‌ಆರ್‌ಎಂ ಪರೀಕ್ಷೆ ಮಾಡಿದವರು ಹೂಡಿಕೆ ವಿಶ್ಲೇಷಣೆಗೆ, ಬ್ಯಾಂಕಿನ ಅಪಾಯ ನಿರ್ವಹಣೆಗೆ ಹೋಗುತ್ತಾರೆ. ಒಳ್ಳೆಯ ವೃತ್ತಿಗಳೇ, ಆದರೆ ಮಾದರಿ ಕಟ್ಟುವ ಕ್ವಾಂಟ್ ಹುದ್ದೆಗೆ ಈ ಪರೀಕ್ಷೆಗಳು ಗಣಿತದ ಬದಲಿಯಾಗುವುದಿಲ್ಲ. ಸಂಭವನೀಯತೆ ಇಷ್ಟ, ಆದರೆ ಕ್ಷಣಕ್ಷಣದ ಪೈಪೋಟಿ ಬೇಡ ಎನ್ನುವ ಮಗುವಿಗೆ ಆಕ್ಚುಯರಿ (ವಿಮಾ ಗಣಿತಜ್ಞರ) ವೃತ್ತಿಯನ್ನು ನಾನು ಮನಸಾರೆ ಸೂಚಿಸುತ್ತೇನೆ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ನಡೆಸುವ ಎಸಿಇಟಿ ಪ್ರವೇಶ ಪರೀಕ್ಷೆಯನ್ನು ಹನ್ನೆರಡನೆಯದು ಮುಗಿದ ಮೇಲೆ ಬರೆಯಬಹುದು. ಊರಿನ ಬಿಎಸ್ಸಿ ಓದುತ್ತಲೇ ಒಂದೊಂದು ಪತ್ರಿಕೆ ಮುಗಿಸುತ್ತ ಹೋಗಬಹುದು.

ಹೊರದೇಶ

ಮೊದಲ ಪದವಿಗೇ ಸಾಲ ಮಾಡಿ ಹೊರದೇಶಕ್ಕೆ ಕಳಿಸುವುದನ್ನು, ಪೂರ್ತಿ ವಿದ್ಯಾರ್ಥಿವೇತನ ಸಿಕ್ಕ ಹೊರತು, ನಾನು ಬೇಡವೆನ್ನುತ್ತೇನೆ. ಸ್ನಾತಕೋತ್ತರದ ಮಾತು ಬೇರೆ. ಅಮೆರಿಕದ ಕಾರ್ನೆಗಿ ಮೆಲನ್, ಪ್ರಿನ್ಸ್‌ಟನ್, ನ್ಯೂಯಾರ್ಕಿನ ಬರೂಕ್ ಕಾಲೇಜಿನ ಹಣಕಾಸು ಗಣಿತದ ಕೋರ್ಸುಗಳು ಜಗತ್ತಿನಲ್ಲಿ ಹೆಸರಾಗಿವೆ. ಖಾಸಗಿ ವಿಶ್ವವಿದ್ಯಾಲಯದಲ್ಲಿ ಜೀವನ ವೆಚ್ಚ ಸೇರಿ ₹1 ಕೋಟಿಯ ಹತ್ತಿರ ಹೋಗುತ್ತದೆ, ಆಮೇಲೆ ಅಲ್ಲೇ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾ ಲಾಟರಿ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ವೀಸಾಕ್ಕೆ ವರ್ಷದ ಖರ್ಚಿನ ಹಣವನ್ನು ಮುಂಚಿತವಾಗಿ ಬ್ಯಾಂಕಿನಲ್ಲಿಟ್ಟು ತೋರಿಸಬೇಕು. 2024ರಲ್ಲಿ ಆ ಮೊತ್ತ 11,904 ಯೂರೊ ಇತ್ತು. ಮೊದಲ ಪದವಿಯಲ್ಲಿ ಹಣ ಉಳಿಸಿದವರಿಗೆ ಮಾತ್ರ ಇಂಥ ಆಯ್ಕೆ ಕೈಗೆಟಕುತ್ತದೆ.

ಮನೆಯ ಸ್ಥಿತಿಗೆ ಹೊಂದಿಸಿ ನೋಡಿದರೆ

ಕೈಗಾ, ನೌಕಾನೆಲೆ, ಬ್ಯಾಂಕಿನ ನೌಕರಿಯ ಮನೆಯಾದರೆ ಆದಾಯದ ಆಧಾರದ ಶುಲ್ಕ ಮಾಫಿ ಸಿಗುವುದಿಲ್ಲ, ಆದರೆ ನಿಶ್ಚಿತ ಸಂಬಳವಿದೆ. ಜೆಇಇ, ಬಿಟ್ಸ್ ಪ್ರವೇಶದ ಬಿಟ್‌ಸ್ಯಾಟ್, ಐಎಸ್‌ಐ, ಸಿಎಂಐ ಎಲ್ಲ ಬರೆಯಿಸಿ. ಬಿಟ್ಸ್ ಗೋವಾ ಮತ್ತು ಸುರತ್ಕಲ್ ಎರಡೂ ಸಿಕ್ಕರೆ, ಬಿಟ್ಸ್‌ಗೆ ಸಾಲ ಮಾಡಲೇಬೇಕಾದಲ್ಲಿ ಸುರತ್ಕಲ್ಲೇ ಮೇಲು. ಸಾಲವಿಲ್ಲದೆ ಆಗುತ್ತದೆಂದಾದರೆ ಎರಡು ಪದವಿಯ ಆಕರ್ಷಣೆಗೆ ಬಿಟ್ಸ್ ಆರಿಸಬಹುದು.

ಎರಡು–ಮೂರು ಎಕರೆ ಅಡಿಕೆ ತೋಟದ ಮನೆಯಲ್ಲಿ ಆದಾಯ ವರ್ಷಕ್ಕೊಂದು ಬಗೆ. ಕೊಳೆರೋಗ ಬಂದ ವರ್ಷ ಕಂತು ಕಟ್ಟುವುದು ಹೇಗೆ ಎಂಬುದು ಇಲ್ಲಿ ನಿಜವಾದ ಪ್ರಶ್ನೆ. ಇವರಿಗೆ ನನ್ನ ಕ್ರಮ: ಮೊದಲು ಐಎಸ್‌ಐ ಮತ್ತು ಐಐಟಿ, ಆಮೇಲೆ ಸುರತ್ಕಲ್, ಆಮೇಲೆ ಸಿಇಟಿಯ ಒಳ್ಳೆಯ ಕಾಲೇಜು ಅಥವಾ ಊರಿನ ಬಿಎಸ್ಸಿ ಜೊತೆ ಐಐಟಿ ಮದ್ರಾಸಿನ ಆನ್‌ಲೈನ್ ಪದವಿ. ಸಾಲ ಬೇಕಾದರೆ ತೋಟ ಅಡವಿಡುವ ಮುನ್ನ 2024ರ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ವಿಚಾರಿಸಿ. ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ ₹8 ಲಕ್ಷದೊಳಗಿದ್ದು ಬೇರೆ ವಿದ್ಯಾರ್ಥಿವೇತನ ಪಡೆಯದಿದ್ದರೆ ₹10 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ಸಹಾಯವೂ ಇದೆ.

ದೋಣಿಯ ಕೂಲಿ, ಗದ್ದೆಯ ಕೂಲಿ ನಂಬಿದ ಮನೆಯ ಮಗುವಿಗೆ ಐಐಟಿ, ಎನ್‌ಐಟಿ ಬೋಧನಾ ಶುಲ್ಕ ಪೂರ್ತಿ ಮಾಫಿಯಾಗುವ ಸಾಧ್ಯತೆಯಿದೆ, ಹಾಗಾಗಿ ‘ಅದು ದೊಡ್ಡವರ ಕಾಲೇಜು’ ಎಂದು ಅರ್ಜಿಯನ್ನೇ ಹಾಕದಿರುವುದು ದೊಡ್ಡ ನಷ್ಟ. ಜೆಇಇ ಮೇನ್ ಕನ್ನಡದಲ್ಲೂ ಬರೆಯಬಹುದು. ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಆದ್ದರಿಂದ ಪಿಯು ಸೇರಿದ ದಿನದಿಂದ ಗಣಿತದ ಇಂಗ್ಲಿಷ್ ಪದಗಳನ್ನು ರೂಢಿ ಮಾಡಿಸಬೇಕು. ಇದನ್ನು ಮಾಡಿಸುವುದು ಉಪನ್ಯಾಸಕರ ಕರ್ತವ್ಯ, ಪಾಲಕರು ಹಕ್ಕಿನಿಂದ ಕೇಳಿ. ಪಿಯು ಮುಗಿದ ವರ್ಷವೇ ಸೀಟು ಸಿಗದಿದ್ದರೆ ಒಂದು ವರ್ಷ ಕೋಚಿಂಗಿಗೆಂದು ಸಾಲ ಮಾಡಬೇಡಿ. ಹತ್ತಿರದ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರಕ್ಕೆ ಸೇರಿಸಿ, ಮೂರನೆಯ ವರ್ಷದ ಫೆಬ್ರವರಿಯಲ್ಲಿ ಜ್ಯಾಮ್ ಬರೆಯಿಸಿ.